ನಸ್ಸೋಲೋ ಹಿಂದಿನ ಸಾಲು

ರಾಜಕುಮಾರಿ ನಸ್ಸೋಲೋ ಅರಮನೆಯಲ್ಲಿ ಒಂದು ಗಳಿಗೆ ಸುಮ್ಮನೆ ಕೂತವರಲ್ಲ. ಬಾವಿ, ಶಾಲೆ ಅಂತ ನಮ್ಮ ಬುಗಾಂಡ ರಾಜ್ಯದ ಹಳ್ಳಿಹಳ್ಳಿ ಅಲೆದು, ಕೊನೆಗೆ ಚುನಾವಣೆಗೇ ನಿಂತರು. ನಮ್ಮ ಕಡೆ ಅದುವರೆಗೆ ಯಾವ ಹೆಂಗಸೂ ನಿಂತಿರಲಿಲ್ಲ.

ಆ ಸಲ ಮತಪೆಟ್ಟಿಗೆ ಇರಲಿಲ್ಲ. ಬೇಕಾದ ಅಭ್ಯರ್ಥಿಯ ಹಿಂದೆ ಜನ ಸಾಲಾಗಿ ನಿಲ್ಲಬೇಕು, ಅಧಿಕಾರಿ ತಲೆ ಎಣಿಸಬೇಕು. ನಾವೆಲ್ಲ ನಸ್ಸೋಲೋ ಹಿಂದೆಯೇ ಹೋದೆವು. ಆದರೆ ಅರಸುಮನೆಯವರ ಹತ್ತಿರ ನೆಟ್ಟಗೆ ನಿಲ್ಲುವುದುಂಟೇ? ಮಂಡಿಯೂರಿ ಕೂತೆವು.

"ನಿಂತೋರಿಗೆ ಮಾತ್ರ ಲೆಕ್ಕ," ಅಂದ ಅಧಿಕಾರಿ. ಎದುರಾಳಿ ಕಸೂಲೆ ಮೇಷ್ಟ್ರು ಕಿಸಕ್ಕನೆ ನಕ್ಕರು.

"ಏಳ್ರೋ!" ನಸ್ಸೋಲೋ ಅತ್ತಿಂದಿತ್ತ ಚಡಪಡಿಸಿದರು.

"ಆಗಲ್ಲ ಅಮ್ಮಾವ್ರೇ, ನಿಮ್ಮ ತಾತ ಕನಸಲ್ಲಿ ಬಂದು ನಮ್ಮ ಕಾಲು ಮುರೀತಾರೆ," ಅಂದಳು ಒಬ್ಬ ಮುದುಕಿ.

ನಸ್ಸೋಲೋ ನಮ್ಮ ಕಡೆ ತಿರುಗಿ, ಯಾರಿಗೂ ಬಾಗದ ಮಂಡಿಯನ್ನು ಕೆಂಪು ಮಣ್ಣಿಗೆ ಊರಿದರು. ಹೌಹಾರಿ ನಾವೆಲ್ಲ ಅವರನ್ನು ಎಬ್ಬಿಸಲು ದಡಬಡ ಎದ್ದು ನಿಂತೆವು.

"ಈಗ ಎಣಿಸಯ್ಯಾ," ಅಂದರು, ಮಣ್ಣಿನಿಂದ ಏಳದೆ.