ಸನದಿನ ಮನೆಯ ಕಾಗದ

ಕುಷ್ಟಗಿಯಲ್ಲಿ ಎರಡು ಕೋಣೆಯ ಒಂದು ವಸ್ತುಸಂಗ್ರಹಾಲಯ ಮಾಡುವುದೆಂದು ತೀರ್ಮಾನವಾದಾಗ, ವಸ್ತುಗಳ ಕೆಳಗಿನ ಫಲಕ ಬರೆಯುವ ಕೆಲಸ ನನಗೆ ಬಂತು. ನಾನು ಪತ್ರಿಕೆಯವನು, ಕಡಿಮೆ ಮಾತಿನಲ್ಲಿ ಬರೆಯುತ್ತೇನೆ ಎಂಬುದು ಕಾರಣ. ವಾರವಿಡೀ ಜಿಲ್ಲಾ ಪುಟದ ಕೆಲಸ, ಭಾನುವಾರ ಕೊಪ್ಪಳದಿಂದ ಬಸ್ಸು. ಮೂರನೇ ತಿಂಗಳಿಗೇ ದಣಿದಿದ್ದೆ. ಎಲ್ಲರ ಮನೆಯಿಂದಲೂ ಬರುತ್ತಿದ್ದದ್ದು ಬೀಸುವ ಕಲ್ಲು, ಇಲ್ಲವೆ ತಾಮ್ರದ ಕೊಡ. ಹನ್ನೊಂದನೆಯ ಬೀಸುವ ಕಲ್ಲಿನ ಬಗ್ಗೆ ಹೊಸದಾಗಿ ಏನು ಬರೆಯುವುದು?

ಹಾಗೆ ನೋಡಿದರೆ ಇದೆಲ್ಲ ಶುರುವಾದದ್ದೂ ನನ್ನಿಂದಲೇ. ಸಾಣಾಪುರದಲ್ಲಿ ಕೆರೆಯ ಹತ್ತಿರ ತಂಗಿದ್ದ ಪರದೇಶದ ಹೆಂಗಸೊಬ್ಬರನ್ನು ಮಾತಾಡಿಸಿ ಬರೆದಿದ್ದೆ. ಜರ್ಮನಿ ಮತ್ತು ಪೋಲೆಂಡಿನ ಗಡಿಯಲ್ಲಿ, ನದಿಯ ದಂಡೆಯ ಊರೊಂದರ ವಸ್ತುಸಂಗ್ರಹಾಲಯದಲ್ಲಿ ಅವರ ಕೆಲಸ. ಯುದ್ಧ ಮುಗಿದ ಮೇಲೆ ಅಲ್ಲಿ ಗಡಿಯೇ ಸರಿಯಿತಂತೆ. ಒಂದು ಕಡೆಯ ಜನ ಮನೆ ಬಿಟ್ಟು ಹೋದರು, ಬೇರೆ ಜನ ಬಂದು ಅವೇ ಮನೆಗಳಲ್ಲಿ ಒಲೆ ಹೊತ್ತಿಸಿದರು. ಈಗ ಎರಡೂ ದಂಡೆಯವರು ಕೂಡಿ ಪ್ರದರ್ಶನ ಇಡುತ್ತಾರೆ, ಫಲಕ ಎರಡೂ ಭಾಷೆಯಲ್ಲಿ, ಒಂದೊಂದು ಪದಕ್ಕೂ ವಾರಗಟ್ಟಲೆ ವಾದ ಎಂದರು. ನಮ್ಮದೂ ಗಡಿಯ ಸೀಮೆಯೇ. ಹಿಂದೆ ಆನೆಗೊಂದಿಯ ಹೊಳೆಯಾಚೆ ಮದ್ರಾಸಿನವರು, ಗಜೇಂದ್ರಗಡದ ಕಡೆ ಮುಂಬೈಯವರು, ನಡುವೆ ನಾವು ನಿಜಾಮನ ಪ್ರಜೆಗಳು. ಆ ವರದಿ ಓದಿದ ಕುಷ್ಟಗಿಯ ನಾಲ್ಕು ಮಂದಿ, ನಮಗೂ ಒಂದಿರಲಿ ಎಂದು ಸಮಿತಿ ಮಾಡಿದರು.

ಒಂದು ಭಾನುವಾರ ಯಲಬುರ್ಗಾ ದಾರಿಯ ಹಳ್ಳಿಯಿಂದ ಅರವತ್ತು ದಾಟಿದ ಹೆಂಗಸೊಬ್ಬರು ಬಂದರು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತಂದ ಚೌಕಟ್ಟು. ಒಳಗೆ ಉರ್ದು ಬರಹದ ಕಾಗದ, ಗಾಜಿನ ಮೇಲೆ ಕುಂಕುಮ. ನೋಡಿದ ಕೂಡಲೇ ಗುರುತು ಸಿಕ್ಕಿತು. ಹದಿನೈದು ವರ್ಷಗಳ ಹಿಂದೆ ಆಕೆಯ ಮಾವನ ಕೈಯಲ್ಲಿ ಇದನ್ನೇ ಹಿಡಿಸಿ ಫೋಟೊ ತೆಗೆಸಿದ್ದೆ. ನಿಜಾಮ ಸರ್ಕಾರ ಮರ್ಯಾದೆಯಿಂದ ಬರೆದುಕೊಟ್ಟ ಸನದನ್ನು ಕಾಪಾಡಿಕೊಂಡ ಮನೆತನ ಎಂದು ಬರೆದಿದ್ದೆ. ಊರಿನಲ್ಲಿ ಅವರನ್ನು ಕರೆಯುವುದೇ ಸನದಿನವರು ಎಂದು. ಏನೇ ಕಾರ್ಯವಾದರೂ ಮೊದಲ ವೀಳ್ಯ ಆ ಮನೆಗೆ.

"ನಮ್ಮ ಭಾವಾರು ಕೊಡಾಕ ಒಲ್ಲೆ ಅಂದ್ರು, ತಮ್ಮಾ. ಮನ್ಯಾಗ ಇಟ್ರ ಹುಳ ತಿಂತಾವು ಅಂತ ನಾನ ಜಗಳಾಡಿ ತಂದೀನಿ. ಜ್ವಾಕಿ. ಇದಕ್ಕ ಏನರ ಆತಂದ್ರ, ಸೊಸಿ ಬಂದು ಮನಿ ಹೆಸರು ಕಳದ್ಲು ಅಂತಾರ."

ಹಿಂದೆ ಸುದ್ದಿ ಬರೆದಾಗ ನಾನು ಕಾಗದ ಓದಿಸಿರಲಿಲ್ಲ. ಮಾವ ಹೇಳಿದ್ದನ್ನೇ ಬರೆದಿದ್ದೆ. ಈಗ ಫಲಕಕ್ಕಾಗಿ ಗಂಗಾವತಿಯಿಂದ ನಿವೃತ್ತ ಉರ್ದು ಮಾಸ್ತರರೊಬ್ಬರನ್ನು ಕರೆಸಿದೆವು. ತನ್ನ ಎದುರಿಗೇ ಓದಬೇಕೆಂದು ಮುಂದಿನ ಭಾನುವಾರ ಆಕೆಯೂ ಬಂದರು.

ಮಾಸ್ತರರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಯಕ್ಕಾ, ಹಿಂದಕ ನಿಮ್ಮ ಮನ್ಯಾಗ ಎಮ್ಮಿ ಇದ್ವೇನು?"

"ಎಮ್ಮಿ ಯಾರ ಮನ್ಯಾಗ ಇರಂಗಿಲ್ಲ? ಸನದಿನ್ಯಾಗ ಏನೈತಿ ಅದನ್ನ ಹೇಳ್ರಿ."

"ಅದನ್ನ ಹೇಳಾಕತ್ತೀನಿ. ಇದು ಕರೋಡಗಿರಿ ನಾಕಾದಾಗ ಕೊಟ್ಟ ರಹದಾರಿ. ಎರಡು ಎಮ್ಮಿ, ಒಂದು ಕರ. ಒಂದು ಎಮ್ಮೀದು ಎಡಗೋಡು ಮುರದೈತಿ. ಗಜೇಂದ್ರಗಡದ ಸಂತಿಗೆ ಹೊಡಕೊಂಡು ಹೋಗಬಹುದು, ಮಾರದಿದ್ರ ಎಂಟು ದಿನದಾಗ ವಾಪಸ್ ತರಬೇಕು."

ಕರೋಡಗಿರಿ ಎಂದರೆ ನಿಜಾಮನ ಸುಂಕದ ಇಲಾಖೆ. ಗಡಿ ದಾಟುವ ದನಕರುಗಳಿಗೂ ಆಗ ಚೀಟಿ ಬೇಕಿತ್ತು.

"ಇನ್ನೊಮ್ಮಿ ನೋಡ್ರಿ, ಮಾಸ್ತರ. ತೆಳಗ ಬ್ಯಾರೆ ಏನರ ಇದ್ದೀತು."

ಮಾಸ್ತರರು ಮೂರನೇ ಸಲ ಓದಿದರು. ಕೆಳಗೆ ಇದ್ದದ್ದು ಗುಮಾಸ್ತನ ಸಹಿ.

ಸಮಿತಿಯವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸನದು ಅಂತನ ಬರದಬಿಡ್ರಿ ಸರ, ಉರ್ದು ಓದಾವ್ರು ಈಗ ಎಷ್ಟ ಮಂದಿ ಅದಾರ?" ಎಂದರು. ಹಾಗೆ ಒಮ್ಮೆ ಬರೆದಾಗಿದೆ ಎಂದೆ.

ಆಕೆಗೆ ಇದು ಕೇಳಿಸಿತ್ತು. "ಹೌದಲ್ಲೋ ತಮ್ಮಾ, ನೀನ ಬರದಿದ್ದಿ. ಈಗ ನಾ ಯಾವ ಮಾರಿ ತೊಗೊಂಡು ಮನಿಗೆ ಹೋಗ್ಲಿ? ನಾ ಹೇಳಂಗಿಲ್ಲ. ನೀ ಬಂದು ಹೇಳು."

ಮಧ್ಯಾಹ್ನದ ಬಸ್ಸಿಗೆ ಜೊತೆಗೆ ಹೋದೆ. ದಾರಿಯುದ್ದಕ್ಕೂ ಆಕೆ ಕಿಟಕಿಯಾಚೆಯ ಕಡಲೆ ಹೊಲಗಳನ್ನೇ ನೋಡುತ್ತಿದ್ದರು.

ಆಕೆಯ ಭಾವ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಆಕೆ ನನ್ನನ್ನು ಅಲ್ಲಿ ಬಿಟ್ಟು ಒಳಗೆ ಹೋಗಿ ಬಾಗಿಲ ಮರೆಗೆ ನಿಂತರು. ಕಾಗದದಲ್ಲಿ ಏನಿದೆಯೆಂದು ಹೇಳಿದೆ. ಓದಿಸದೆ ಬರೆದದ್ದು ನನ್ನ ತಪ್ಪು, ಇದರಲ್ಲಿ ಆಕೆಯ ತಪ್ಪೇನೂ ಇಲ್ಲ ಎಂದೂ ಹೇಳಿದೆ.

"ಅಂದ್ರ ಪೇಪರಿನ್ಯಾಗ ಬಂದದ್ದು ಸುಳ್ಳೇನ್ರಿ?"

"ತಪ್ಪು, ಯಜಮಾನ್ರ."

"ಸುಳ್ಳು ಬ್ಯಾರೆ, ತಪ್ಪು ಬ್ಯಾರೆ. ಹಂಗೈತೇನು ನಿಮ್ಮ ಕಡೆ?"

ಅವರು ಎಲೆಗೆ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟುಕೊಳ್ಳುವ ತನಕ ಕಾದೆ.

"ಎಮ್ಮಿ ಮಾರಿದ್ರಂತೇನು?"

"ಅದು ಕಾಗದದಾಗ ಇಲ್ರಿ."

"ಮಾರಿರಂಗಿಲ್ಲ. ಮುರುಕು ಗೋಡಿನ ಎಮ್ಮಿ ಯಾರು ತೊಗೊಂತಾರ?"

ಕಾಗದ ವಾಪಸ್ ಬೇಕೇ ಎಂದು ಕೇಳಿದೆ.

"ತಂದು ಏನ ಮಾಡೂದು? ಎಮ್ಮಿ ಪಾಸಿಗೆ ಕುಂಕುಮ ಹಚ್ಚೂದೇನು? ಅಲ್ಲೇ ಇರ್ಲಿ."

"ಕೊಟ್ಟವ್ರು ಯಾರಂತ ಬರೀಲ್ರಿ?"

ಅವರು ತಲೆಯನ್ನು ಬಾಗಿಲ ಕಡೆ ತಿರುಗಿಸಿ, ಒಳಗೆ ಕೇಳುವಷ್ಟು ದನಿಯಲ್ಲಿ ಹೇಳಿದರು: "ಒಯ್ದಾಕಿ ಹೆಸರ ಹಾಕ್ರಿ. ನಮ್ಮ ಮನಿ ಹೆಸರು ಬ್ಯಾಡ."

ಮೆಚ್ಚಿ ಹೇಳಿದರೋ ಚುಚ್ಚಿ ಹೇಳಿದರೋ ನನಗೆ ತಿಳಿಯಲಿಲ್ಲ. ಆಕೆಗೆ ತಿಳಿದಿರಬೇಕು. ತಲೆಯ ಮೇಲಿನ ಸೆರಗು ಎಳೆದುಕೊಂಡು ಹೊರಗೆ ಬಂದು, ನನ್ನ ಕೈಯಲ್ಲಿದ್ದ ನೋಟ್‌ಬುಕ್ಕನ್ನೇ ನೋಡುತ್ತ ನಿಂತರು.

"ಬರಕೋ ತಮ್ಮಾ. ಹೆಸರಿನ ಮುಂದ ನನ್ನ ತವರಮನಿ ಅಡ್ಡಹೆಸರು ಹಾಕು."

ಕೇಳಿ ಬರೆದುಕೊಂಡೆ. ಬರೆದದ್ದನ್ನು ಆಕೆಗೆ ಎರಡು ಸಲ ಓದಿ ಹೇಳಿದೆ.