ಕೊರಳಲ್ಲಿ ಎರಡು ಶಿವದಾರ

ಗಡಿಯಾಚೆಯ ಮರಾಠಿ ಸೀಮೆಯ ಊರು ಸಂಖದಲ್ಲಿ ಉಮಾಶ್ರೀಯ ಮನೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಹೊಲಿಗೆ ಯಂತ್ರ ಬಾಗಿಲ ಪಕ್ಕದಲ್ಲೇ ಇದೆ. ಮದುವೆಯಾಗಿ ಬಂದ ವರ್ಷದಿಂದಲೇ ಅವಳು ಊರಿನ ಕೂಸುಗಳಿಗೆ ತಲೆಗೆ ಕಟ್ಟುವ ಕುಂಚಿಗೆ ಹೊಲಿದುಕೊಡುತ್ತಿದ್ದಳು. ಅವಳ ಕೈಯ ಕುಂಚಿಗೆ ಕೂಸಿನ ಹಣೆಗೆ ಒತ್ತುವುದಿಲ್ಲ ಎಂದು ಬಾಣಂತಿಯರು ಹೇಳುತ್ತಿದ್ದರು. ಅವಳ ಮೊದಲನೆಯ ಮಗ ತೀರಿಕೊಂಡ ಮೇಲೆ ಕುಂಚಿಗೆಯ ಬಟ್ಟೆ ಬರುವುದು ನಿಂತಿತು. ಯಾರೂ ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲ. ರವಿಕೆಯ ಬಟ್ಟೆ ತಂದರು, ಫಾಲ್ ಹಚ್ಚಲು ಸೀರೆ ತಂದರು, ಮೊದಲಿಗಿಂತ ಹೆಚ್ಚು ಪ್ರೀತಿಯಿಂದ ಮಾತನಾಡಿಸಿದರು. ಕುಂಚಿಗೆಯ ಬಟ್ಟೆ ಮಾತ್ರ ಬೇರೆ ಓಣಿಗೆ ಹೋಯಿತು.

ಆ ಮೊದಲನೆಯ ಮಗ ಹುಟ್ಟಿದ್ದು ಅವಳು ತವರು ಡಫಳಾಪುರದಲ್ಲಿದ್ದಾಗ. ದಿನ ತುಂಬುವ ಮೊದಲೇ ಬಂದ ಕೂಸು ಎರಡೇ ದಿನ ಇತ್ತು. ಮಣ್ಣಿಗೆ ಒಯ್ಯುವಾಗ ಅತ್ತೆ ಮಲಕವ್ವ ಅಳುತ್ತ ಒಂದು ಮಾತು ಅಂದಳು: "ಕೊಳ್ಳಾಗ ಲಿಂಗಿಲ್ಲದ ಹೋತಲ್ಲಾ ಕೂಸು." ಸಂಕಟದಲ್ಲಿ ಬಂದ ಮಾತು. ಯಾರನ್ನೂ ಬೈದದ್ದಲ್ಲ. ಆದರೆ ಉಮಾಶ್ರೀ ಅದನ್ನು ಮೂರು ವರ್ಷ ಎದೆಯಲ್ಲಿ ಇಟ್ಟುಕೊಂಡಳು.

ನಮ್ಮ ಲಿಂಗಾಯತರಲ್ಲಿ ಬಸುರಿಗೆ ಎಂಟನೆಯ ತಿಂಗಳಲ್ಲಿ ಹೊಟ್ಟೆಯ ಕೂಸಿಗೆಂದು ಒಂದು ಲಿಂಗ ಕಟ್ಟುವ ಪದ್ಧತಿ ಇದೆ. ಅಯ್ಯನವರು ಬಂದು ವಿಭೂತಿ ಹಚ್ಚಿ ಕಟ್ಟುತ್ತಾರೆ. ದಿನ ತುಂಬಿ ಹೆರಿಗೆಯಾಗುವ ತನಕ ತಾಯಿ ತನ್ನ ಲಿಂಗದ ಜೊತೆಗೆ ಅದನ್ನೂ ಧರಿಸಿ, ದಿನಾ ಬೆಳಿಗ್ಗೆ ಎರಡಕ್ಕೂ ಪೂಜೆ ಮಾಡುತ್ತಾಳೆ. ಹುಟ್ಟಿದ ಮೇಲೆ ಅದು ಕೂಸಿನ ಕೊರಳಿಗೆ ಹೋಗುತ್ತದೆ. ಈಗ ಎಷ್ಟೋ ಮನೆಗಳಲ್ಲಿ ಇದನ್ನು ಬಿಟ್ಟಿದ್ದಾರೆ. ಮಲಕವ್ವನ ಮನೆಯಲ್ಲೂ ಬಿಟ್ಟಿದ್ದರು. ಎರಡನೆಯ ಬಸುರಿನಲ್ಲಿ ಉಮಾಶ್ರೀ ತಾನಾಗಿಯೇ ಕೇಳಿ ಕಟ್ಟಿಸಿಕೊಂಡಳು. ತನ್ನದು ಬೆಳ್ಳಿಯ ಕರಡಿಗೆಯಲ್ಲಿ, ಕೂಸಿನದು ಬಿಳಿ ಅರಿವೆಯ ಸಣ್ಣ ಗಂಟಿನಲ್ಲಿ. ಕೊರಳಲ್ಲಿ ಎರಡು ಶಿವದಾರ.

ಕಟ್ಟಿಸಿಕೊಂಡು ಒಂಬತ್ತು ದಿನವಾಗಿತ್ತು. ಬೆಳಿಗ್ಗೆ ಎದ್ದಾಗ ಕಾಲು ಬಾತು ಚಪ್ಪಲಿ ಹಿಡಿಯಲಿಲ್ಲ, ಕಣ್ಣ ಮುಂದೆ ಮಿಣುಕು ಹುಳ ಹಾರಿದಂತೆ ಆಗುತ್ತಿತ್ತು. ಆಶಾ ಕಾರ್ಯಕರ್ತೆ ಬಂದು ಬಿಪಿ ನೋಡಿದವಳು ಇನ್ನೊಮ್ಮೆ ನೋಡಿದಳು, ಆಮೇಲೆ ಫೋನು ತೆಗೆದಳು. ಜತ್ತಿನ ದವಾಖಾನೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು, ಇಲ್ಲಿ ಆಗುವುದಿಲ್ಲ ಎಂದು ಆಂಬ್ಯುಲೆನ್ಸಿನಲ್ಲಿ ಮಿರಜಿಗೆ ಕಳಿಸಿದರು. ಗಂಡ ರವಿಕುಮಾರ ಸಂಖದ ಸ್ಟ್ಯಾಂಡಿನ ಹತ್ತಿರ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟವನು. ಕೈಗೆ ಹತ್ತಿದ ವಾರ್ನಿಶನ್ನು ಸಹ ತೊಳೆಯದೆ ತಾಯಿ ಮಲಕವ್ವನ ಜೊತೆ ಗಾಡಿ ಹತ್ತಿ ಕುಳಿತಿದ್ದ.

ದಾರಿಯಲ್ಲೇ ಬೇನೆ ಶುರುವಾಯಿತು. ಮೊದಲು ನಡುವಿನಲ್ಲಿ ಹುಟ್ಟಿ, ಸೊಂಟ ಬಳಸಿ ಮುಂದೆ ಬಂದು, ಹೊಟ್ಟೆಯನ್ನು ಕಲ್ಲಿನಂತೆ ಗಟ್ಟಿ ಮಾಡಿ, ಆಮೇಲೆ ಬಿಟ್ಟು ಹೋಗುತ್ತಿತ್ತು. ಬಿಟ್ಟಾಗ ಉಮಾಶ್ರೀ ಮಿಸುಕಾಟಕ್ಕೆ ಕಾಯುತ್ತಿದ್ದಳು. ಈ ಕೂಸಿಗೆ ಬಿಕ್ಕಳಿಕೆಯ ಚಟ. ಹೊಟ್ಟೆಯೊಳಗೆ ಬಲಗಡೆ, ಒಂದೇ ಜಾಗದಲ್ಲಿ, ಟಕ್ ಟಕ್ ಎಂದು ಒಂದಿಷ್ಟು ಹೊತ್ತು ಬಿಕ್ಕುತ್ತಿತ್ತು. ಅಂದು ಅದು ಬಿಕ್ಕಲಿಲ್ಲ.

"ಉಸರ ಹಿಡೀಬ್ಯಾಡ ಉಮಾ. ಬಿಡು, ಬಿಡು. ಶಿವಾ ಅನ್ನು," ಎಂದು ಮಲಕವ್ವ ಸೊಸೆಯ ನಡುವನ್ನು ಅಂಗೈಯಿಂದ ಒತ್ತುತ್ತ ಬಂದಳು.

"ಅತ್ತಿ, ಅದು ಮಿಸುಕವಲ್ತು."

"ಮಲಗಿರತೈತಿ. ಈ ರಸ್ತೆದಾಗ ನೀನೂ ನಾನೂ ಕುಣ್ಯಾಕತ್ತೀವಿ, ಅದಾದ್ರೂ ಸುಮ್ಮ ಮಲಗಲಿ ಬಿಡು."

ಮಿರಜಿನ ದವಾಖಾನೆಯಲ್ಲಿ ಹೆರಿಗೆ ಕೋಣೆ ತುಂಬಿತ್ತು. ಒಬ್ಬಳು ಮರಾಠಿಯಲ್ಲಿ ಆಯೀ ಎಂದು ಒರಲುತ್ತಿದ್ದಳು, ಇನ್ನೊಬ್ಬಳು ಗಂಡನನ್ನು ಬೈಯುತ್ತಿದ್ದಳು. ಉಮಾಶ್ರೀಗೆ ಮರಾಠಿ ಚೆನ್ನಾಗಿ ಬರುತ್ತದೆ, ಶಾಲೆ ಓದಿದ್ದೇ ಮರಾಠಿಯಲ್ಲಿ. ಆದರೆ ಬೇನೆ ಬಂದಾಗ ಬಾಯಿಂದ ಬಂದದ್ದು "ಯವ್ವಾ" ಒಂದೇ. ಡಾಕ್ಟರು ಹೊಟ್ಟೆಗೆ ಪಟ್ಟಿ ಕಟ್ಟಿ ಕೂಸಿನ ಎದೆಬಡಿತ ಕೇಳಿಸಿದರು. ಬೇನೆ ಬಂದಾಗಲೆಲ್ಲ ಆ ಬಡಿತ ನಿಧಾನವಾಗಿ, ತಿರುಗಿ ಏಳಲು ತಡ ಮಾಡುತ್ತಿತ್ತು. ಎರಡು ಬೇನೆ ನೋಡಿದರು. ಮೂರನೆಯದಕ್ಕೆ ಕಾಯಲಿಲ್ಲ. "ಸಿಜರ್. ಈಗಲೇ."

ಆಪರೇಷನ್ ಥೇಟರಿನ ಬಾಗಿಲಲ್ಲಿ ಸಿಸ್ಟರ್ ಅನುರಾಧಾ ತಡೆದಳು. ಅವಳ ತವರು ಕನ್ನಡ ಮಾತಿನ ವಳಸಂಗ, ಆದ್ದರಿಂದ ಕನ್ನಡದಲ್ಲೇ ಮಾತನಾಡಿದಳು.

"ಮೈಮ್ಯಾಲೆ ಏನೂ ಇರಬಾರದು ನೋಡ್ರಿ. ತಾಳಿ, ಬಳಿ, ಕಾಲುಂಗ್ರ, ಆ ಕರಡಗಿ, ಎಲ್ಲಾ ತಗೀರಿ. ಲಗೂನ."

"ಲಿಂಗ ತಗಿಯಂಗಿಲ್ರಿ ಸಿಸ್ಟರ್," ಎಂದಳು ಮಲಕವ್ವ.

"ಅಜ್ಜಿ, ನನಗೂ ಗೊತ್ತೈತಿ. ಆದರ ಬೆಳ್ಳಿ ಮೈಗೆ ಹತ್ತಿತ್ತಂದ್ರ ಒಳಗಿನ ಕರೆಂಟಿನ ಮಷೀನಿಂದ ಮೈ ಸುಡತೈತಿ. ಸೊಸಿ ಸುಟ್ಟಳಂದ್ರ ಮತ್ತ ನನ್ನ ಮ್ಯಾಲೇ ಬರತೀರಿ ನೀವು."

ಉಮಾಶ್ರೀ ವಾದ ಮಾಡಲಿಲ್ಲ. ಹತ್ತು ವರ್ಷದಿಂದ ಮೈಬಿಟ್ಟು ಇಳಿಯದ ತನ್ನ ಲಿಂಗವನ್ನು ತೆಗೆದು ಕಣ್ಣಿಗೊತ್ತಿಕೊಂಡು ಅತ್ತೆಯ ಕೈಯಲ್ಲಿ ಇಟ್ಟಳು. ಮಲಕವ್ವ ಬೆರಗಾಗಿ ಸೊಸೆಯ ಮುಖವನ್ನೇ ನೋಡಿದಳು. ಅದೇ ಹೊತ್ತಿಗೆ ಉಮಾಶ್ರೀ ಇನ್ನೊಂದು ದಾರವನ್ನು ತಲೆಯ ಮೇಲಿಂದ ಎಳೆದು, ಬಿಳಿ ಗಂಟನ್ನು ಬಲ ಮುಷ್ಟಿಯಲ್ಲಿ ಅಡಗಿಸಿಕೊಂಡದ್ದನ್ನು ಯಾರೂ ಗಮನಿಸಲಿಲ್ಲ.

ಒಳಗೆ ಬೆನ್ನಿಗೆ ಸೂಜಿ ಚುಚ್ಚಿ ಮಲಗಿಸಿದ ಮೇಲೆ, ಅರಿವಳಿಕೆಯ ಡಾಕ್ಟರು ಬೆರಳಿಗೆ ಕ್ಲಿಪ್ಪು ಹಾಕಲು ಆ ಕೈಯನ್ನೇ ಹಿಡಿದರು. ಮುಷ್ಟಿ ಬಿಚ್ಚಲಿಲ್ಲ. ಅನುರಾಧಾ ಬಂದು ಒಂದೊಂದೇ ಬೆರಳು ಬಿಡಿಸಿದಳು.

"ಇದೇನ್ರಿ ಮತ್ತ? ತಗದು ಕೊಟ್ಟಿರಲ್ಲ!"

"ಕೊಟ್ಟಿದ್ದು ನಂದು. ಇದು ಕೂಸಿಂದು."

ಅನುರಾಧಾ ಡಾಕ್ಟರಿಗೆ ಮರಾಠಿಯಲ್ಲಿ ಏನೋ ಹೇಳಿದಳು. ಅವರು ಬೆಳ್ಳಿ ಇದೆಯೇ ಎಂದು ಮಾತ್ರ ಕೇಳಿದರು. ಇಲ್ಲವೆಂದಾಗ, ಗಂಟನ್ನು ತೋಳಿಗೆ ಪಟ್ಟಿಯಿಂದ ಕಟ್ಟು, ಕೈ ಖಾಲಿ ಇರಲಿ ಎಂದರು.

ಕೆಳಗಿನ ಅರ್ಧ ಮೈ ತನ್ನದಲ್ಲವೆಂಬಂತೆ ಇತ್ತು. ಯಾರೋ ಎಳೆದಂತೆ, ಒತ್ತಿದಂತೆ ಆಯಿತು, ಅಷ್ಟೇ. ಆಮೇಲೆ ಕೋಣೆಯಲ್ಲಿ ಮಾತು ನಿಂತಿತು. ಅಳು ಕೇಳಬೇಕಾಗಿದ್ದ ಜಾಗದಲ್ಲಿ ಉಪಕರಣಗಳ ಸಪ್ಪಳ ಮಾತ್ರ ಇತ್ತು. ಉಮಾಶ್ರೀ ಎಣಿಸತೊಡಗಿದಳು. ಯಾಕೆ ಎಣಿಸಿದೆ ಎಂದು ಅವಳಿಗೆ ಈಗಲೂ ಗೊತ್ತಿಲ್ಲ. ಎಪ್ಪತ್ತಕ್ಕೆ ಬಂದಾಗ ಬೆಕ್ಕಿನ ಮರಿಯಷ್ಟು ಸಣ್ಣ ದನಿ ಕೇಳಿಸಿತು. ಗಂಡು, ಒಂದು ಕಿಲೋ ಮುನ್ನೂರೈವತ್ತು. ಹಸಿರು ಬಟ್ಟೆಯಲ್ಲಿ ಸುತ್ತಿ ಓಡುತ್ತಲೇ ಒಯ್ದರು. ಅವಳಿಗೆ ಕಂಡದ್ದು ಒಂದು ಅಂಗಾಲು.

ಕೂಸನ್ನು ಮೇಲಿನ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು. ಉಮಾಶ್ರೀಯ ಬಿಪಿ ಇಳಿಯದ್ದರಿಂದ ಅವಳನ್ನು ಎದ್ದು ನಡೆಯಲು ಬಿಡಲಿಲ್ಲ. ಎದೆಹಾಲನ್ನು ಹಿಂಡಿ ಬಟ್ಟಲಿಗೆ ತೆಗೆಯಬೇಕು, ರವಿಕುಮಾರ ಮೇಲೆ ಒಯ್ದು ಕೊಡಬೇಕು, ಅಲ್ಲಿ ನಳಿಕೆಯಿಂದ ಕೂಸಿಗೆ ಹಾಕುತ್ತಾರೆ. ಎರಡನೆಯ ದಿನ ಬಟ್ಟಲು ಕೊಡುತ್ತ ಅವಳು ಕೇಳಿದಳು. ಆ ಹೊತ್ತಿಗೆ ಎರಡೂ ಶಿವದಾರ ಮತ್ತೆ ಅವಳ ಕೊರಳಲ್ಲಿದ್ದವು.

"ಅವಗ ಲಿಂಗ ಕಟ್ಟಸ್ರಿ."

"ಪೇಟಿಯೊಳಗ ದಾರಾ ಗೀರಾ ಹಾಕಾಕ ಬಿಡಂಗಿಲ್ಲ."

"ಕೇಳೀರೇನು?"

"ಕೇಳೂದೇನೈತಿ?"

"ಅಂದ್ರ ಕೇಳೇ ಇಲ್ಲ."

ರವಿಕುಮಾರ ಬಟ್ಟಲನ್ನು ಕೆಳಗಿಟ್ಟ. "ಯಾಕಿಷ್ಟ ಗಡಬಡಿ ನಿನಗ? ಮನಿಗೆ ಹೋದಮ್ಯಾಲೆ ಅಯ್ಯಾರನ್ನ ಕರಿಸಿ ಕಟ್ಟೂಣು. ಇವತ್ತ ಕಟ್ಟು ಅಂದ್ರ ಏನರ್ಥ? ಅಂವ ಉಳಿಯಂಗಿಲ್ಲ ಅಂತ ನೀನ ಗಟ್ಟಿ ಮಾಡಿಕೊಂಡ ಕುಂತಿ."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಕಣ್ಣು ಮುಚ್ಚಿದರೆ ಅವಳಿಗೆ ಕಾಣುತ್ತಿದ್ದದ್ದು ಈ ಕೂಸಲ್ಲ, ಬಟ್ಟೆ ಮುಚ್ಚಿ ಒಯ್ದ ಆ ಕೂಸು. ಇದಕ್ಕೂ ಹಾಗೇ ಆಗುವುದಿದ್ದರೆ ಆಗಲಿ, ಬರಿಗೊರಳಲ್ಲಿ ಮಾತ್ರ ಹೋಗಬಾರದು. ಪ್ರಾರ್ಥನೆಗೆ ಕೂತರೂ ಅದೇ ಬರುತ್ತಿತ್ತು. ಉಳಿಸು ಎಂದು ಕೇಳಲು ಬಾಯಿ ಬರಲಿಲ್ಲ.

ಮಲಕವ್ವ ಮಾತ್ರ ಸೊಸೆಯ ಪಕ್ಷ. ತಾನೇ ಕೇಳಿಬರುತ್ತೇನೆಂದು ಮೆಟ್ಟಿಲು ಹತ್ತಿ ಹೋಗಿ, ಸೋತು ಬಂದಳು. "ಆ ವಾಚಮನ್ ಚಪ್ಪಲ್ ಬಿಡ್ರಿ ಅಂದ, ಬಿಟ್ಟೆ. ಬಿಟ್ಟಮ್ಯಾಲೆ ಒಳಗ ಬಿಡಂಗಿಲ್ಲ ಅಂದ. ಮತ್ತ್ಯಾಕ ಬಿಡಸಿದ್ಯೋ ನಮ್ಮಪ್ಪಾ ಅಂದ್ರ, ನಿಯಮ ಐತಿ ಅಜ್ಜಿ ಅಂತಾನ!" ಪಕ್ಕದ ಮಂಚದವಳು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. ಉಮಾಶ್ರೀ ನಗಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅನುರಾಧಾ ತನ್ನ ಪಾಳಿ ಮುಗಿಸಿ ಬಂದು, ಅವಳ ಕೈಹಿಡಿದು ಮೇಲೆ ಕರೆದೊಯ್ದಳು. ಒಂದೊಂದು ಮೆಟ್ಟಿಲಿಗೂ ಹೊಟ್ಟೆಯ ಗಾಯ ಜಗ್ಗುತ್ತಿತ್ತು. ಕೈ ತೊಳೆಸಿ, ಗೌನು ಹಾಕಿಸಿ ಒಳಗೆ ಬಿಟ್ಟರು. ಪೆಟ್ಟಿಗೆಯಲ್ಲಿ ಕೂಸು ಕಣ್ಣು ಮುಚ್ಚಿ ಮಲಗಿತ್ತು, ಮೂಗಿನಲ್ಲಿ ನಳಿಕೆ, ಎದೆಯ ಮೇಲೆ ವೈರು. ಚರ್ಮ ಇನ್ನೂ ಮೈಗೆ ಒಗ್ಗದಂತೆ ಸಡಿಲಾಗಿತ್ತು. ಯಾರ ಕೂಸೋ ಏನೋ ಎನ್ನಿಸಿತು ಅವಳಿಗೆ. ಹಾಗನ್ನಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಕೆಯಾಯಿತು.

ನಳಿಕೆಯಲ್ಲಿ ನಾಲ್ಕು ಹನಿ ಹಾಲು ಇಳಿಯಿತು. ಸ್ವಲ್ಪ ಹೊತ್ತಿಗೆ ಕೂಸು ಬಿಕ್ಕತೊಡಗಿತು. ಟಕ್, ಟಕ್, ಒಂದೇ ಅಳತೆಯಲ್ಲಿ. ಉಮಾಶ್ರೀಯ ಕೈ ತಾನಾಗಿಯೇ ತನ್ನ ಬಲ ಪಕ್ಕೆಗೆ ಹೋಯಿತು. ಅದೇ ಬಿಕ್ಕಳಿಕೆ. ಎಷ್ಟೋ ವಾರ ಅದನ್ನು ಒಳಗಿನಿಂದ ಬಲ್ಲವಳು ಅವಳೊಬ್ಬಳೇ.

"ದಿನ ತುಂಬಿದ್ದರ ಯಾವಾಗ ಹುಟ್ಟತಿದ್ದಾ ಇಂವ?" ಎಂದು ಅನುರಾಧಾಳನ್ನು ಕೇಳಿದಳು.

ಅನುರಾಧಾ ಪೆಟ್ಟಿಗೆಗೆ ತೂಗುಹಾಕಿದ್ದ ಕಾಗದ ನೋಡಿ, ಇನ್ನೂ ಏಳು ವಾರ ಇದ್ದವು ಎಂದಳು. "ಹೊಟ್ಯಾಗಿರಬೇಕಾದಾಂವ ಇಲ್ಲಿ ಅದಾನ. ಈ ಪೇಟೀನೂ ಹೊಟ್ಟಿ ಇದ್ದಂಗ ಅಂತ ತಿಳಕೋರಿ."

ಐದನೆಯ ದಿನ ಬೆಳಿಗ್ಗೆ, ಪೂಜೆ ಮುಗಿಸಿದ ಉಮಾಶ್ರೀಯ ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ, ರವಿಕುಮಾರ ಮೇಲಿನಿಂದ ಓಡಿ ಬಂದ. ಕೂಸು ಎರಡು ಸಲ ಉಸಿರು ನಿಲ್ಲಿಸಿತ್ತು. ನೀಲಿಗಟ್ಟಿತ್ತು. ಅಂಗಾಲಿಗೆ ತಟ್ಟಿ ಎಬ್ಬಿಸಿದ್ದರು, ಈಗ ಇನ್ನೊಂದು ಮಷೀನು ಹಚ್ಚುತ್ತಿದ್ದರು.

"ಕೊಡು," ಎಂದ, ಕೈಚಾಚಿ. "ಆ ಲಿಂಗ ಕೊಡು. ಡಾಕ್ಟರಗ ಕೈ ಮುಗದು ಕೇಳೇನಿ. ಪ್ಲಾಸ್ಟಿಕ್ ಚೀಲದಾಗ ಹಾಕಿ ತಲಿ ಕಡೆ ಇಡಾಕ ಹೂಂ ಅಂದಾರ."

ಮಲಕವ್ವ ಆಗಲೇ ಸೊಸೆಯ ಬೆನ್ನ ಹಿಂದೆ ಬಂದು ದಾರದ ಗಂಟಿಗೆ ಕೈಹಾಕಿದ್ದಳು. ಉಮಾಶ್ರೀ ಬಿಳಿ ಗಂಟನ್ನು ಹಿಡಿದುಕೊಂಡಳು.

"ಬ್ಯಾಡ್ರಿ."

"ಏನಂದಿ?"

"ಈಗ ಕೊಡಂಗಿಲ್ಲ."

"ಮೂರು ದಿನ ತಲಿ ತಿಂದಿ ನನ್ನ!" ರವಿಕುಮಾರ ಕೂಗಿಬಿಟ್ಟ. ವಾರ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು.

"ಆವಾಗ ನಾ ಅಂಜಿದ್ದೆ. ಈಗ ನೀವು ಅಂಜೀರಿ. ಅವಂದಿನ್ನ ದಿನ ತುಂಬಿಲ್ಲ. ಏಳು ವಾರ ಅದಾವ. ದಿನ ತುಂಬೂ ತನಕ ಅವಂದು ನಾನ ಕಟ್ಟಿಕೊಂಡಿರಬೇಕು. ಹಂಗಲ್ಲೇನ್ರಿ ಅತ್ತಿ ಪದ್ಧತಿ?"

ಮಲಕವ್ವ ದಾರದಿಂದ ಕೈ ತೆಗೆಯಲಿಲ್ಲ. "ಹುಟ್ಟಿದ ಕೂಸಿಗೆ ಯಾವ ಪದ್ಧತಿ ಹೇಳತೀ ಹುಚ್ಚಿ? ಒಂದು ಹಂಗ ಹೋತು. ಇದೂ ಹಂಗ ಹೋಗಲೇನು? ಹಿಂದಾಗಡಿ ನನಗ ಅನ್ನಬ್ಯಾಡ ಮತ್ತ."

"ಅನ್ನಂಗಿಲ್ರಿ. ಕೈ ಬಿಡ್ರಿ, ನಾ ಮ್ಯಾಲೆ ಹೋಗಬೇಕು."

ಅವಳು ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಡಾಕ್ಟರು ಒಂದು ಸ್ಟೂಲು ಕೊಡಿಸಿದರು. ಪೆಟ್ಟಿಗೆಯ ತೂತಿನಿಂದ ಕೈ ಒಳಗಿಟ್ಟು, ಕೂಸಿನ ಅಂಗಾಲಿಗೆ ಬೆರಳು ಹಚ್ಚಿ ಕುಳಿತಳು. ಉಸಿರು ತಡವಾದಾಗೆಲ್ಲ ಮೆಲ್ಲಗೆ ತಟ್ಟಬೇಕೆಂದು ಸಿಸ್ಟರ್ ತೋರಿಸಿಕೊಟ್ಟಿದ್ದಳು. ಆ ದಿನ ಸಂಜೆಯೊಳಗೆ ನಾಲ್ಕು ಸಲ ತಟ್ಟಿದಳು. ಪ್ರತಿ ಸಲವೂ, ಬೆರಳು ತಟ್ಟುವುದಕ್ಕೂ ಎದೆ ಏಳುವುದಕ್ಕೂ ನಡುವೆ, ಕೊಟ್ಟುಬಿಡಬೇಕಿತ್ತು ಎಂದುಕೊಂಡಳು. ಅಂದು ಮೊದಲ ಬಾರಿ ಅವಳು ಉಳಿಸು ಎಂದು ಬೇಡಿಕೊಂಡಳು. ಒಮ್ಮೆ ಬೇಡಲು ಶುರುಮಾಡಿದ ಮೇಲೆ ಅದನ್ನು ನಿಲ್ಲಿಸಲು ಆಗಲಿಲ್ಲ.

ಇದನ್ನು ಕೇಳಿದವರು, ಕೂಸು ಉಳಿಯುತ್ತದೆಂದು ನಿನಗೆ ಒಳಗೇ ತಿಳಿದಿತ್ತು, ಶಿವನೇ ತಿಳಿಸಿದ್ದ ಎನ್ನುತ್ತಾರೆ. ಉಮಾಶ್ರೀ ಒಪ್ಪುವುದಿಲ್ಲ. "ಏನೂ ತಿಳಿದಿದ್ದಿಲ್ರಿ," ಎಂದಳು, ಇದನ್ನು ಬರೆಯುವ ನನಗೂ. "ಕೊಟ್ಟರ ಅಂವ ಹೊಂಟ ಅಂತ ನಾನೂ ಒಪ್ಪಿಕೊಂಡಂಗ ಆಕ್ಕಿತ್ತು. ಅಷ್ಟ. ಸರಿ ಮಾಡಿದ್ನೋ ತಪ್ಪ ಮಾಡಿದ್ನೋ, ಇನ್ನಾ ಗೊತ್ತಿಲ್ಲ."

ಮೂವತ್ತೊಂದನೆಯ ದಿನ ಕೂಸು ಸಂಖಕ್ಕೆ ಬಂತು. ಅಲ್ಲಿಯ ತನಕ ಮಲಕವ್ವ ಸೊಸೆಗೆ ಊಟ ಹಾಕಿದಳು, ಎಣ್ಣೆ ಹಚ್ಚಿದಳು, ಆದರೆ ಬೇಕಾದ ಮಾತಿಗಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಮನೆಗೆ ಬಂದ ಮೇಲೂ ಉಮಾಶ್ರೀ ಪೆಟ್ಟಿಗೆಯ ಕಾಗದದಲ್ಲಿದ್ದ, ದಿನ ತುಂಬುವ ತಾರೀಖಿನ ತನಕ ಕೂಸಿನ ಲಿಂಗವನ್ನು ತಾನೇ ಧರಿಸಿ ಪೂಜೆ ಮಾಡಿದಳು. ದಿನಗಳನ್ನು ಮಲಕವ್ವನೇ ಕ್ಯಾಲೆಂಡರಿನಲ್ಲಿ ಎಣಿಸುತ್ತಿದ್ದಳೆಂಬುದು ಅಯ್ಯನವರನ್ನು ಅವಳೇ ಹೋಗಿ ಕರೆತಂದಾಗ ಎಲ್ಲರಿಗೂ ತಿಳಿಯಿತು.

ಅಯ್ಯನವರು ಕೂಸಿಗೆ ಲಿಂಗ ಕಟ್ಟಿ, ವಿಭೂತಿ ಹಚ್ಚಿ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಕೂಸು ಮಲಕವ್ವನ ತೊಡೆಯ ಮೇಲಿತ್ತು.

"ಏನರ ಹೆಚ್ಚು ಕಡಿಮಿ ಆಗಿತ್ತಂದ್ರ," ಎಂದಳು ಮಲಕವ್ವ, ಕೂಸಿನ ಕಡೆಗೇ ನೋಡುತ್ತ, "ನಾ ಸಾಯೂ ತನಕ ನಿನ್ನ ಮಾರಿ ನೋಡತಿದ್ದಿಲ್ಲ, ಉಮಾ."

"ಗೊತ್ತಿತ್ರಿ, ಅತ್ತಿ."

"ಗೊತ್ತಿದ್ದೂ ಕೊಡಲಿಲ್ಲ."

ಉಮಾಶ್ರೀ ಕೂಸಿನ ಕೊರಳ ದಾರವನ್ನು ಸರಿಮಾಡಿದಳು. ಮಲಕವ್ವ ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟು, ಹಾಲು ಕಾಸಲು ಒಳಗೆ ಹೋದಳು.