ರಿಯಾಕ್ಟರಿನ ಹಣೆ

ವಿಜ್ಞಾನದ ಪ್ರತಿ ಹೆಜ್ಜೆಯ ಹಿಂದೆಯೂ ಮನುಕುಲದ ಹಿತಚಿಂತನೆ ಇರುತ್ತದೆ. ನನ್ನ ಹೆಜ್ಜೆಯ ಹಿಂದೆ ಇದ್ದದ್ದು ಟಾಲೂಯಿನ್ ವಾಸನೆ. ಪೇಂಟಿಗೆ ಹಾಕುವ ಥಿನ್ನರಿನಂತೆ ನಾರುವ ದ್ರಾವಕ ಅದು. ಸಂಭಾಜಿನಗರದ ಔಷಧ ಕಾರ್ಖಾನೆಯಲ್ಲಿ ಪುಡಿಯೊಂದನ್ನು ಅದರಲ್ಲಿ ಕರಗಿಸಿ ಹೈಡ್ರೋಜನ್ ಕೂಡಿಸುವುದು ನನ್ನ ಕೆಲಸ. ಮನೆಯಲ್ಲಿ ನನಗೆ ಬಾಲ್ಕನಿಯಲ್ಲಿ ಊಟ ಬಡಿಸುತ್ತಿದ್ದರು.

ಕಡೆಗೆ ಮೇಲಧಿಕಾರಿಗೆ ಬರೆದೆ: ಸೋಡಾ ಬಾಟಲಿಗೆ ತುಂಬುವ ಇಂಗಾಲದ ಡೈಆಕ್ಸೈಡನ್ನೇ ದ್ರಾವಕ ಮಾಡೋಣ. ಅದನ್ನು ಮೂವತ್ತೊಂದು ಡಿಗ್ರಿ ದಾಟಿಸಿ, ಹೊರಗಿನ ಗಾಳಿಯ ಎಪ್ಪತ್ತಮೂರು ಪಟ್ಟಿಗಿಂತ ಹೆಚ್ಚು ಒತ್ತಡ ಕೊಟ್ಟರೆ ಅತ್ತ ಅನಿಲವೂ ಅಲ್ಲ, ಇತ್ತ ದ್ರವವೂ ಅಲ್ಲ. ಹೈಡ್ರೋಜನ್ ಅದರಲ್ಲಿ ಸಲೀಸಾಗಿ ಬೆರೆಯುತ್ತದೆ. ಕೆಲಸ ಮುಗಿದು ವಾಲ್ವ್ ತೆರೆದರೆ ದ್ರಾವಕ ತಾನೇ ಎದ್ದು ಹೋಗುತ್ತದೆ, ವಾಸನೆ ಬಿಡದೆ. ಒಂದೇ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಕೆಟ್ಟರೆ ಯಂತ್ರ ವಾಪಸ್ಸು, ನಾನೂ ಟಾಲೂಯಿನ್‌ಗೆ ವಾಪಸ್ಸು.

ನಾಸಿಕ್‌ನ ಸಾತಪುರದ ವರ್ಕ್‌ಶಾಪಿನಿಂದ ಯಂತ್ರ ಟೆಂಪೋದಲ್ಲಿ ಬಂತು, ಜೊತೆಗೆ ಅಥಣಿ ಕಡೆಯ ಹಿರಿಯ ಫಿಟರ್. ದಪ್ಪ ಉಕ್ಕಿನ ಡಬ್ಬಿ, ಒಳಗೆ ಇಣುಕಲು ಒಂದು ಪುಟ್ಟ ಗಾಜು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಆ ಗಾಜು ಮೂರು ಬೆರಳಿನ ವಿಭೂತಿಯಲ್ಲಿ ಮುಚ್ಚಿಹೋಗಿತ್ತು.

“ಕಾಕಾ, ಕಣ್ಣಿಗೇ ಬಳಿದೀರಲ್ರಿ.”

“ಇದಕ್ಕ ಹಣಿ ಎಲ್ಲೈತಿ ತೋರಸ್ರಿ ಸಾಹೇಬ್ರ, ಅಲ್ಲೇ ಹಚ್ತೀನಿ.”

ಒರೆಸಲು ಕರ್ಚೀಫು ತೆಗೆದೆ. ಅಷ್ಟರಲ್ಲಿ ಬಂದ ಮೇಲಧಿಕಾರಿ ಯಂತ್ರಕ್ಕೆ ಕೈಮುಗಿದು, “ಪುಸೂ ನಕಾ” ಎಂದು ನನ್ನ ಕೈ ಹಿಡಿದರು. ಕೆಲಸ ಮುಗಿಯುವ ತನಕ ಒರೆಸುವಂತಿಲ್ಲ. ಅಂಥ ಒತ್ತಡದ ಪಕ್ಕ ನಿಲ್ಲಬೇಕಾದ ನನಗೂ ಶಿವನನ್ನು ಎದುರು ಹಾಕಿಕೊಳ್ಳುವ ಧೈರ್ಯ ಬರಲಿಲ್ಲ.

ಶಾಖ ಏರಿತು, ಒತ್ತಡವೂ ಏರಿತು. ಒಳಗೆ ದ್ರವಕ್ಕೂ ಅನಿಲಕ್ಕೂ ನಡುವೆ ಇರುವ ಗೆರೆ ಈಗ ಮಾಯವಾಗಬೇಕು, ನೋಡಿ ಎಂದೆ. ಮೇಲಧಿಕಾರಿ ಬಗ್ಗಿ ನೋಡಿ ಗಂಭೀರವಾಗಿ ವರದಿ ಕೊಟ್ಟರು: “ತೀನೋ ಹೈಂ ಅಭೀ.” ವಿಭೂತಿಯ ಮೂರೂ ಗೆರೆ ಹಾಗೇ ಇದ್ದವು.

“ಕುಕ್ಕರಿನ್ಯಾಗ ಇಣಿಕಿ ನೋಡಿ ಅನ್ನ ಮಾಡ್ತಾರೇನ್ರಿ ನಿಮ್ಮ ಮನ್ಯಾಗ?” ಎಂದರು ಫಿಟರ್, ನನ್ನ ಮುಖ ನೋಡಿ.

ನಾಲ್ಕು ತಾಸಿನ ಮೇಲೆ ಒತ್ತಡ ಇಳಿಸಿ ಮುಚ್ಚಳ ತೆಗೆದೆವು. ಪುಡಿ ಹಾಕಿದಂತೆಯೇ ತಳದಲ್ಲಿ ಕೂತಿತ್ತು, ಕರಗಿಯೇ ಇರಲಿಲ್ಲ. ಗಾಜಿನಲ್ಲಿ ಕಂಡಿದ್ದರೆ ಚೂರು ಮೆಥನಾಲ್ ಪಂಪ್ ಮಾಡಿ ಕರಗಿಸಲು ನೋಡಬಹುದಿತ್ತು ಎಂದು ವಿವರಿಸಿದೆ. ಮೇಲಧಿಕಾರಿ ಗಡಿಯಾರ ನೋಡಿಕೊಂಡರು.

“ಸಿಡೀಲಿಲ್ಲಲ್ರಿ,” ಎಂದರು ಫಿಟರ್. “ನಾ ಹಚ್ಚಿದ್ದು ಅದಕ್ಕ.”

ಮರುದಿನ ಯಂತ್ರ ವೈಜಾಪುರದ ದಾರಿಯಾಗಿ ಸಾತಪುರಕ್ಕೆ ಮರಳಿತು. ನಾನು ಈಗಲೂ ಟಾಲೂಯಿನ್ ವಿಭಾಗದಲ್ಲಿದ್ದೇನೆ.